ಹಾಲಿನ ಪ್ಯಾಕೆಟ್ ಫಿಲ್ಮ್ ಮೇಲೆ ಒರಟು, ಕಾಳು: ಬಿಸಿ ಏರಿಸೋ ಮುಂಚೆ ಹಾಪರ್‌ಗೆ ಏನೇನು ಬೀಳ್ತಿದೆ ನೋಡಿ

ಪ್ರಶ್ನೆ: ಸರ್, ನಮ್ದು ದಾಬಸ್‌ಪೇಟೆ ಹತ್ರ ಸಣ್ಣ ಯೂನಿಟ್. ಮಾನೋಲೇಯರ್ ಬ್ಲೋನ್ ಫಿಲ್ಮ್ ಮಷೀನು, ಡೈ (ಕರಗಿದ ಪ್ಲಾಸ್ಟಿಕ್ ಹೊರಗೆ ಬರೋ ದುಂಡು ಬಾಯಿ) 200 ಮಿಮೀ, ಡೈ ಗ್ಯಾಪ್ 1 ಮಿಮೀ, ಗಂಟೆಗೆ 80 ಕೆಜಿ ತೆಗೀತೀವಿ. ಹಾಲಿನ ಪ್ಯಾಕೆಟ್‌ಗೆ 55 ಮೈಕ್ರಾನ್ ಬಿಳಿ ಫಿಲ್ಮ್. ಮುಂಚೆ ಎಲ್‌ಡಿ, ಎಲ್‌ಎಲ್ (ಎಲ್‌ಡಿಪಿಇ, ಎಲ್‌ಎಲ್‌ಡಿಪಿಇ ಅನ್ನೋ ಎರಡು ಥರದ ಪಾಲಿಥೀನ್) ಅರ್ಧ ಅರ್ಧ ಹಾಕ್ತಿದ್ವಿ, ಪ್ಯಾಕೆಟ್ ಬಿದ್ರೆ ಒಡೀತಿದೆ ಅಂತ ಕಂಪ್ಲೇಂಟ್ ಬಂದ ಮೇಲೆ ಎಲ್‌ಎಲ್ 75% ಮಾಡಿದ್ವಿ. ಅವತ್ತಿಂದ ಫಿಲ್ಮ್ ಒರಟು, ಹೊಳಪಿಲ್ಲ. 190 ಇದ್ದ ಟೆಂಪರೇಚರ್ 225ಕ್ಕೆ ಏರಿಸಿದ್ರೆ ನುಣುಪಾಗತ್ತೆ, ಆದ್ರೆ ಒಂದೆರಡು ಶಿಫ್ಟ್ ಆಗೋದ್ರೊಳಗೆ ಕಾಳು ಕಾಳು ಬರೋಕೆ ಶುರು. ಒರಟು ಹೋಗ್ಲಿ ಅಂತ ಪಿಪಿಎ (ಪಾಲಿಮರ್ ಪ್ರೋಸೆಸಿಂಗ್ ಏಡ್) 1% ಹಾಕಿ ಎರಡು ಗಂಟೆ ಓಡಿಸಿದ್ವಿ, ಏನೂ ಪ್ರಯೋಜನ ಆಗ್ಲಿಲ್ಲ. ಜೊತೆಗೆ ಬಿಳಿ ಬಣ್ಣಕ್ಕೆ ವೈಟ್ 5%, ಪದರ ಒಂದಕ್ಕೊಂದು ಅಂಟದಿರೋಕೆ ಆಂಟಿಬ್ಲಾಕ್ 1%, ಫಿಲ್ಮ್ ಜಾರೋಕೆ ಸ್ಲಿಪ್ 1.5% ಹೋಗತ್ತೆ. ಮಳೆ ಬಂದ್ರೆ ಸಣ್ಣ ಸಣ್ಣ ಗುಳ್ಳೆನೂ ಕಾಣತ್ತೆ. ಫಾರ್ಮುಲೇಷನ್‌ನಲ್ಲಿ ಏನು ಬದಲಾಯಿಸ್ಬೇಕು?

ಉತ್ತರ:

ನಮಸ್ಕಾರ. ಡೈ ಸೈಜ್, ಗ್ಯಾಪ್, ಔಟ್‌ಪುಟ್, ಏನೇನು ಎಷ್ಟೆಷ್ಟು ಹಾಕ್ತೀರ ಅಂತ ಎಲ್ಲಾ ಬರೆದಿದೀರ, ಇದು ದೊಡ್ಡ ಉಪಕಾರ. ಬರೀ "ಫಿಲ್ಮ್ ಸರಿ ಬರ್ತಿಲ್ಲ" ಅಂತ ಕೇಳಿದ್ರೆ ಯಾರಿಗೂ ಏನೂ ಹೇಳೋಕೆ ಆಗಲ್ಲ, ಅಂಕಿ ಇದ್ರೆ ಅರ್ಧ ರೋಗ ಕಾಗದದ ಮೇಲೇ ಗೊತ್ತಾಗತ್ತೆ.

ಮೊದ್ಲು ಒಂದು ಮಾತು. ನಿಮ್ಗೆ ಇರೋದು ಒಂದು ತೊಂದರೆ ಅಲ್ಲ, ಮೂರು. ಒರಟು ಬೇರೆ, ಕಾಳು ಬೇರೆ, ಮಳೆಗಾಲದ ಗುಳ್ಳೆ ಬೇರೆ. ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಒರಟಿಗೆ ಅಂತ ಬಿಸಿ ಏರಿಸಿದ್ರಿ, ಆ ಬಿಸಿಯಿಂದ ಕಾಳು ಹುಟ್ಟಿತು. ಹಾಗಾಗಿ ಟೆಂಪರೇಚರ್ ಮತ್ತೆ 195, 200ರ ಆಸುಪಾಸಿಗೆ ತಂದುಬಿಡಿ, ಒರಟು ವಾಪಸ್ ಬರತ್ತೆ, ಬರಲಿ, ಅದನ್ನ ಮೆಟೀರಿಯಲ್‌ನಿಂದ ಸರಿ ಮಾಡೋಣ.

ಒರಟಿಂದ ಶುರು ಮಾಡ್ತೀನಿ. ಫಿಲ್ಮ್‌ನ ಟ್ಯೂಬ್‌ಲೈಟ್‌ಗೆ ಓರೆಯಾಗಿ ಹಿಡಿದು ನೋಡಿ, ಆಮೇಲೆ ಉಗುರಲ್ಲಿ ಮಷೀನ್ ಓಡೋ ದಿಕ್ಕಲ್ಲೇ ಮೆಲ್ಲಗೆ ಎಳೀರಿ. ಸಣ್ಣ ಸಣ್ಣ ಏಣುಗಳು ಅಡ್ಡಡ್ಡಕ್ಕೆ ಸಾಲಾಗಿ ಸಿಕ್ಕಿ ಉಗುರು ಗರಗರ ಅಂದ್ರೆ, ಅಂದ್ರೆ ಹಸುವಿನ ನಾಲಿಗೆ ಸವರಿದ ಹಾಗೆ ಇದ್ರೆ, ಅದು ಶಾರ್ಕ್‌ಸ್ಕಿನ್. ಗೆರೆ ಉದ್ದಕ್ಕೆ, ಮಷೀನ್ ದಿಕ್ಕಲ್ಲೇ ಒಂದೇ ಜಾಗದಲ್ಲಿ ಬರ್ತಿದ್ರೆ ಅದು ಡೈ ಲಿಪ್‌ನಲ್ಲಿ ಗೀರೋ ಕೊಳೆಯೋ ಇರೋದು, ಅದಕ್ಕೆ ಯಾವ ಮಾಸ್ಟರ್‌ಬ್ಯಾಚೂ (ಬಣ್ಣ, ಪಿಪಿಎ ಥರದ್ದನ್ನ ಗಟ್ಟಿ ಪ್ರಮಾಣದಲ್ಲಿ ಬೆರೆಸಿಟ್ಟ ದಾಣಾ) ಮದ್ದಲ್ಲ, ಡೈ ಬಿಚ್ಚಿ ಕ್ಲೀನ್ ಮಾಡ್ಲೇಬೇಕು. ಬಿಚ್ಚಿದಾಗ ದಯವಿಟ್ಟು ಹಿತ್ತಾಳೆ ಪಟ್ಟಿ ಬಳಸಿ, ಸ್ಕ್ರೂಡ್ರೈವರ್ ಹಾಕಿ ಕೆರೆದ್ರೆ ಆ ಗೀರು ಜೀವನಪೂರ್ತಿ ಫಿಲ್ಮ್ ಮೇಲೆ ಕಾಣ್ತಾ ಇರತ್ತೆ.

ನೀವು ಎಲ್‌ಎಲ್ ಜಾಸ್ತಿ ಮಾಡಿದ ದಿನದಿಂದಲೇ ಶುರುವಾಗಿರೋದ್ರಿಂದ ಶಾರ್ಕ್‌ಸ್ಕಿನ್ ಅನ್ನೋದ್ರಲ್ಲಿ ನನಗೆ ಸಂಶಯ ಇಲ್ಲ. ಯಾಕೆ ಹೀಗಾಗತ್ತೆ ಅಂದ್ರೆ, ಡೈ ಒಳಗೆ ಕರಗಿದ ಪ್ಲಾಸ್ಟಿಕ್‌ನಲ್ಲಿ ಗೋಡೆಗೆ ತಾಗಿರೋ ಪದರ ಹೆಚ್ಚುಕಮ್ಮಿ ನಿಂತೇ ಇರತ್ತೆ, ನಡುವಿನದು ಜೋರಾಗಿ ಓಡತ್ತೆ. ಲಿಪ್ ದಾಟಿದ ಕ್ಷಣ ಆ ನಿಂತಿದ್ದ ಪದರಾನೂ ನಡುವಿನದರ ಸ್ಪೀಡಿಗೇ ಓಡ್ಬೇಕು, ಒಂದೇ ಏಟಿಗೆ ಎಳೆತ ಬೀಳತ್ತೆ, ಅಲ್ಲಿ ಮೇಲ್ಮೈ ಚರ್ಮ ಬಿರಿಯತ್ತೆ, ಎಳೆತ ಸಡಿಲ ಆಗತ್ತೆ, ಮತ್ತೆ ಬಿರಿಯತ್ತೆ, ಹೀಗೆ ಸೆಕೆಂಡಿಗೆ ಎಷ್ಟೋ ಸಲ. ಎಲ್‌ಡಿ ಅಣುವಿಗೆ ಉದ್ದುದ್ದ ಕೊಂಬೆಗಳಿರತ್ತೆ, ಜೋರಾಗಿ ತಳ್ಳಿದ್ರೆ ಅದು ಚೆನ್ನಾಗಿ ತೆಳುವಾಗಿಬಿಡತ್ತೆ. ಎಲ್‌ಎಲ್‌ಗೆ ಬರೀ ಗಿಡ್ಡ ಕೊಂಬೆ, ಅಣುಗಳ ಸೈಜೂ ಹೆಚ್ಚುಕಮ್ಮಿ ಒಂದೇ ಥರ, ಅದು ಎಷ್ಟು ತಳ್ಳಿದ್ರೂ ಗಟ್ಟಿಯಾಗೇ ನಿಲ್ಲತ್ತೆ. ಎರಡರದ್ದೂ ಎಂಎಫ್‌ಐ (ಕರಗಿದಾಗ ಎಷ್ಟು ಸುಲಭವಾಗಿ ಹರಿಯತ್ತೆ ಅನ್ನೋ ಅಳತೆ) 1 ಅಂತ ಚೀಲದ ಮೇಲೆ ಒಂದೇ ನಂಬರ್ ಇದ್ರೂ ಡೈ ಒಳಗೆ ಅವೆರಡೂ ಬೇರೆ ಬೇರೆ. ಎಂಎಫ್‌ಐ ಅನ್ನೋದು ತುಂಬ ನಿಧಾನದ ಹರಿವಿನಲ್ಲಿ ಅಳೆದದ್ದು, ನಿಮ್ಮ ಡೈ ಅದಕ್ಕಿಂತ ಎಷ್ಟೋ ಪಟ್ಟು ಜೋರು.

ಎಷ್ಟು ಜೋರು ಅಂತ ಲೆಕ್ಕ ಹಾಕೋಣ. ಗಂಟೆಗೆ 80 ಕೆಜಿ, ಕರಗಿದಾಗ ಸಾಂದ್ರತೆ ಸುಮಾರು 0.76 ಇಟ್ಕೊಂಡ್ರೆ ಸೆಕೆಂಡಿಗೆ 29 ಸಿಸಿ ಚಿಲ್ಲರೆ. ಇದನ್ನ 6ರಿಂದ ಗುಣಿಸಿ, ಪೈ ಗುಣಿಸು ಡೈ ವ್ಯಾಸ ಗುಣಿಸು ಗ್ಯಾಪ್‌ನ ವರ್ಗ ಅದರಿಂದ ಭಾಗಿಸಿದ್ರೆ ಗೋಡೆ ಹತ್ರ ಶಿಯರ್ ರೇಟ್ ಬರತ್ತೆ. ನಿಮ್ಮ 1 ಮಿಮೀ ಗ್ಯಾಪ್‌ಗೆ ಅದು ಸೆಕೆಂಡಿಗೆ ಸುಮಾರು 280. ಗ್ಯಾಪ್ 1.5 ಮಾಡಿದ್ರೆ 124, 2 ಮಿಮೀ ಮಾಡಿದ್ರೆ ಬರೀ 70. ವರ್ಗ ಇರೋದ್ರಿಂದ ಇಷ್ಟು ದೊಡ್ಡ ಇಳಿತ. ಮಾಮೂಲಿ ಎಲ್‌ಎಲ್‌ಗೆ ಗೋಡೆ ಮೇಲಿನ ಉಜ್ಜೋ ಒತ್ತಡ, ಅಂದ್ರೆ ಶಿಯರ್ ಸ್ಟ್ರೆಸ್, 0.1ರಿಂದ 0.15 ಮೆಗಾಪ್ಯಾಸ್ಕಲ್ ದಾಟಿದ್ರೆ ಶಾರ್ಕ್‌ಸ್ಕಿನ್ ಶುರು, ನೀವು ಶಿಯರ್ ರೇಟ್ 280ರಲ್ಲಿ 190 ಡಿಗ್ರಿಗೆ ಓಡಿಸಿದ್ರೆ ಅದನ್ನ ಆರಾಮಾಗಿ ದಾಟಿರ್ತೀರ. 1 ಮಿಮೀ ಅನ್ನೋದು ಎಲ್‌ಡಿ ಕಾಲದ ಗ್ಯಾಪು. ಎಲ್‌ಎಲ್ ಜಾಸ್ತಿ ಓಡಿಸೋರು 1.5ರಿಂದ 2.5ರವರೆಗೆ ಇಟ್ಕೋತಾರೆ. ನೀವು ಕೇಳಿದ್ದು ಫಾರ್ಮುಲೇಷನ್ ಬಗ್ಗೆ ಅಂತ ಗೊತ್ತು, ಆದ್ರೂ ಇದನ್ನ ಹೇಳದೇ ಮುಂದೆ ಹೋದ್ರೆ ತಪ್ಪಾಗತ್ತೆ, ಯಾಕಂದ್ರೆ ಡೈ ಪಿನ್ ಒಂದನ್ನ ಬದಲಾಯಿಸಿ 1.5ಕ್ಕೆ ತಂದ್ರೂ ಮಾಸ್ಟರ್‌ಬ್ಯಾಚ್‌ನ ಕೆಲಸ ಅರ್ಧಕ್ಕರ್ಧ ಹಗುರ ಆಗತ್ತೆ. ತೀರಾ ಅಗಲ ಮಾಡ್ಬೇಡಿ, ಆಗ ಫಿಲ್ಮ್‌ನ ಜಾಸ್ತಿ ಎಳೆದು ತೆಳು ಮಾಡ್ಬೇಕಾಗತ್ತೆ, ಉದ್ದಕ್ಕೆ ಸೀಳೋ ಗುಣ ಬರತ್ತೆ, ಹಾಲಿನ ಪ್ಯಾಕೆಟ್‌ಗೆ ಅದು ಕೆಟ್ಟದ್ದು.

ಈಗ ಪಿಪಿಎ. "ಪಿಪಿಎ ಹಾಕಿದ್ವಿ, ಪ್ರಯೋಜನ ಆಗ್ಲಿಲ್ಲ" ಅನ್ನೋ ಮಾತನ್ನ ನಾನು ಈ ಕೆಲಸದಲ್ಲಿ ಲೆಕ್ಕ ಇಡದಷ್ಟು ಸಲ ಕೇಳಿದೀನಿ, ಬಹಳ ಸಲ ಪಿಪಿಎ ಚೆನ್ನಾಗೇ ಇರತ್ತೆ, ಅದನ್ನ ಕೆಲಸ ಮಾಡೋಕೆ ಬಿಟ್ಟಿರಲ್ಲ ಅಷ್ಟೆ. ಅದು ಹೇಗೆ ಕೆಲಸ ಮಾಡತ್ತೆ ಅಂತ ತಿಳ್ಕೊಂಡ್ರೆ ಯಾಕೆ ಕೆಲಸ ಮಾಡಿಲ್ಲ ಅಂತ ತಾನಾಗೇ ಗೊತ್ತಾಗತ್ತೆ. ಮಾಮೂಲಿ ಪಿಪಿಎ ಅಂದ್ರೆ ಫ್ಲೋರೋಪಾಲಿಮರ್. ಅದು ಪಾಲಿಥೀನ್ ಜೊತೆ ಬೆರೆಯಲ್ಲ, ಎಣ್ಣೆ ನೀರಿನ ಥರ ಸಣ್ಣ ಸಣ್ಣ ಹನಿಯಾಗಿ ಇರತ್ತೆ. ಆ ಹನಿಗಳು ಹರಿವಿನ ಜೊತೆ ಹೋಗ್ತಾ ಡೈಯ ಲೋಹದ ಗೋಡೆಗೆ ತಾಗಿ ಅಂಟಿಕೊಂಡು, ಒಂದು ಮೈಕ್ರಾನ್‌ಗಿಂತಲೂ ತೆಳು ಪದರ ಕಟ್ಟತ್ತೆ. ಆಮೇಲೆ ಪಾಲಿಥೀನ್ ಆ ಪದರದ ಮೇಲೆ ಜಾರಿಕೊಂಡು ಹೋಗತ್ತೆ, ಗೋಡೆ ಪದರ ನಿಲ್ಲೋದೇ ಇಲ್ಲ, ಲಿಪ್‌ನಲ್ಲಿ ಆ ದಿಢೀರ್ ಎಳೆತ ಇಲ್ಲ, ಬಿರುಕೂ ಇಲ್ಲ. ಅಂದ್ರೆ ಪಿಪಿಎ ಕೆಲಸ ಇರೋದು ಫಿಲ್ಮ್ ಒಳಗಲ್ಲ, ಡೈ ಗೋಡೆ ಮೇಲೆ. ಗೋಡೆ ಖಾಲಿ ಇದ್ರೆ ತಾನೇ ಅದು ಕೂರೋದು!

ನಿಮ್ಮ ಲೆಕ್ಕ ನೋಡಿ. ಪಿಪಿಎ ಮಾಸ್ಟರ್‌ಬ್ಯಾಚ್‌ನಲ್ಲಿ ಅಸಲಿ ಪಿಪಿಎ ಸಾಮಾನ್ಯವಾಗಿ 2ರಿಂದ 5%. ನಿಮ್ದು 3% ಅಂತ ಇಟ್ಕೊಳ್ಳಿ, 1% ಹಾಕಿದ್ರೆ ಫಿಲ್ಮ್‌ನಲ್ಲಿ 300 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ 300 ಪಾಲು. ವೈಟ್ 5% ಹಾಕ್ತೀರ, ಅದರಲ್ಲಿ ಟೈಟಾನಿಯಂ (ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ) 60% ಇದ್ರೆ ಫಿಲ್ಮ್‌ನಲ್ಲಿ 3%, ಅಂದ್ರೆ 30,000 ಪಿಪಿಎಂ. ಒಂದು ಪಾಲು ಪಿಪಿಎಗೆ ನೂರು ಪಾಲು ಟೈಟಾನಿಯಂ ಪುಡಿ. ಆ ಪುಡಿಯ ಮೈಯೂ ಪಿಪಿಎನ ಹಿಡ್ಕೊಳ್ಳತ್ತೆ, ಗೋಡೆಗೆ ಹೋಗ್ಬೇಕಾದ ಹನಿ ಪುಡಿ ಮೇಲೆ ಕೂತು ಬಬಲ್ (ಡೈಯಿಂದ ಉಬ್ಬಿ ಬರೋ ಫಿಲ್ಮ್ ಕೊಳವೆ) ಜೊತೆ ಹೊರಟುಹೋಗತ್ತೆ, ಜೊತೆಗೆ ಆ ಪುಡಿ ಗಟ್ಟಿ, ಗೋಡೆ ಮೇಲೆ ಕಟ್ಟಿದ ಪದರಾನ ಉಜ್ಜಿ ತೆಗೀತಾ ಇರತ್ತೆ. ಆಂಟಿಬ್ಲಾಕ್‌ನಲ್ಲಿರೋ ಟಾಲ್ಕ್ ಅಥವಾ ಸಿಲಿಕಾ ಕೂಡ ಇದೇ ಕೆಲಸ ಮಾಡತ್ತೆ. ಇನ್ನೊಂದು ಕಳ್ಳ ಇದಾನೆ, ಜಿಂಕ್ ಸ್ಟಿಯರೇಟ್. ಕಡಿಮೆ ರೇಟಿನ ವೈಟ್ ಮಾಸ್ಟರ್‌ಬ್ಯಾಚ್‌ನಲ್ಲಿ ಪುಡಿ ಚೆನ್ನಾಗಿ ಹರಡ್ಲಿ ಅಂತ ಇದನ್ನ ಹಾಕಿರ್ತಾರೆ, ಇದಕ್ಕೂ ಲೋಹದ ಗೋಡೆ ಅಂದ್ರೆ ಇಷ್ಟ, ಪಿಪಿಎಗಿಂತ ಮುಂಚೆ ಹೋಗಿ ಗೋಡೆ ಹಿಡ್ಕೊಂಡುಬಿಡತ್ತೆ, ಪಿಪಿಎಗೆ ಜಾಗಾನೇ ಇಲ್ಲ.

ಕೆಲವು ವರ್ಷದ ಹಿಂದೆ ಒಂದು ಯೂನಿಟ್‌ಗೆ ಹೋಗಿದ್ದೆ, ಸೇಮ್ ನಿಮ್ಮ ಕಥೆ. ನ್ಯಾಚುರಲ್ ಫಿಲ್ಮ್ ಓಡಿಸಿದ್ರೆ ಗಾಜಿನ ಹಾಗೆ ಬರ್ತಿತ್ತು, ಅದೇ ಮಷೀನು ಅದೇ ಪಿಪಿಎ, ಬಿಳಿ ಹಾಕಿದ್ರೆ ಒರಟು. ಓನರ್ ಪಾಪ ಡೈ ಸರಿ ಇಲ್ಲ ಅಂತ ಹೊಸ ಡೈಗೆ ಅಡ್ವಾನ್ಸ್ ಕೊಡೋಕೆ ಹೊರಟಿದ್ರು. ನಾವು ಮಾಡಿದ್ದು ಇಷ್ಟೇ, ಡೈನ ಪರ್ಜಿಂಗ್ ಕಾಂಪೌಂಡ್ ಹಾಕಿ ಉಜ್ಜಿ ತೊಳೆದು, ಮೊದ್ಲು ನ್ಯಾಚುರಲ್ ದಾಣಾ ಜೊತೆ ಪಿಪಿಎ ಮಾತ್ರ ಜಾಸ್ತಿ ಡೋಸ್‌ನಲ್ಲಿ ಓಡಿಸಿ ಗೋಡೆಗೆ ಕೂರಿಸಿದ್ವಿ, ಆಮೇಲೆ ಸ್ಟಿಯರೇಟ್ ಇಲ್ಲದ, ಪಾಲಿಥೀನ್ ವ್ಯಾಕ್ಸ್‌ನಲ್ಲಿ ಮಾಡಿದ ವೈಟ್ ತರಿಸಿ ಅದನ್ನ ಸೇರಿಸಿದ್ವಿ. ಫಿಲ್ಮ್ ನುಣುಪಾಗೇ ಉಳೀತು. ಡೈ ಅಡ್ವಾನ್ಸ್ ಉಳೀತು. ಆ ದಿನದಿಂದ ಬಿಳಿ ಫಿಲ್ಮ್ ಒರಟು ಅಂತ ಯಾರು ಕೇಳಿದ್ರೂ ನನ್ನ ಮೊದಲ ಪ್ರಶ್ನೆ, ವೈಟ್‌ನಲ್ಲಿ ಏನಿದೆ.

ನೀವು ಮಾಡ್ಬೇಕಾಗಿರೋದೂ ಅದೇ ಕ್ರಮ. ಮೊದ್ಲು ಡೈ ತೊಳೀಬೇಕು, ಕೊಳೆ ಮೇಲೆ ಪಿಪಿಎ ಹಾಕಿದ್ರೆ ಅದು ಕೊಳೆಗೆ ಅಂಟತ್ತೆ, ಕೊಳೆ ಉದುರಿದಾಗ ಜೊತೆಗೇ ಹೋಗತ್ತೆ. ಆಮೇಲೆ ವೈಟ್, ಆಂಟಿಬ್ಲಾಕ್ ಎರಡೂ ಇಲ್ಲದೆ, ಎಲ್‌ಎಲ್ ಎಲ್‌ಡಿ ಜೊತೆ ಪಿಪಿಎ ಮಾಸ್ಟರ್‌ಬ್ಯಾಚ್ 3ರಿಂದ 4% ಹಾಕಿ, ಅಂದ್ರೆ ಸುಮಾರು 1000 ಪಿಪಿಎಂ, ಅರ್ಧ ಗಂಟೆಯಿಂದ ಒಂದು ಗಂಟೆ ಓಡಿಸಿ. ಕೆಲಸ ಶುರುವಾಗಿದ್ದು ನಿಮ್ಗೆ ಕಣ್ಣಿಗೇ ಕಾಣತ್ತೆ: ಒರಟು ಫಿಲ್ಮ್ ನಡುವೆ ಅಲ್ಲಲ್ಲಿ ನುಣುಪಾದ ಪಟ್ಟಿಗಳು ಮೂಡ್ತವೆ, ಆ ಪಟ್ಟಿ ಅಗಲ ಆಗ್ತಾ ಆಗ್ತಾ ಒಂದಕ್ಕೊಂದು ಸೇರಿ ಪೂರ್ತಿ ಬಬಲ್ ತಿಳಿಯಾಗತ್ತೆ. ಡೈ ಹಿಂದಿನ ಪ್ರೆಶರ್, ಮೋಟಾರ್ ಆಂಪಿಯರ್ ಎರಡೂ ಇಳೀತವೆ, ಹತ್ತು ಹತ್ತು ನಿಮಿಷಕ್ಕೆ ಬರೆದಿಟ್ಟುಕೊಳ್ಳಿ. ಪ್ರೆಶರ್ ಇಳಿದು ಒಂದು ಕಡೆ ನಿಂತ ಮೇಲೆ ಡೋಸ್ ಇಳಿಸಿ ವೈಟ್ ಸೇರಿಸಿ. ಬಿಳಿ ಫಿಲ್ಮ್‌ಗೆ 300 ಪಿಪಿಎಂ ಸಾಕಾಗೋದು ಕಷ್ಟ, 500ರಿಂದ 700 ಇಟ್ಟು ನೋಡಿ, ಪ್ರೆಶರ್ ಮತ್ತೆ ಏರೋಕೆ ಶುರುವಾದ್ರೆ ಪದರ ಸವೀತಿದೆ ಅಂತ ಅರ್ಥ. ಮತ್ತೆ ಪಿಪಿಎನೂ ಆಂಟಿಬ್ಲಾಕೂ ಒಂದೇ ದಾಣಾದಲ್ಲಿ ಇರೋ ಕಾಂಬಿನೇಷನ್ ಮಾಸ್ಟರ್‌ಬ್ಯಾಚ್ ಕೊಡ್ತೀವಿ, ಸೋವಿ ಬೀಳತ್ತೆ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ, ಅದರಲ್ಲಿ ಪಿಪಿಎ ಮಷೀನ್‌ಗೆ ಬರೋ ಮುಂಚೆನೇ ಪುಡಿಗೆ ಅಂಟಿಕೊಂಡಿರತ್ತೆ.

ಆಂಟಿಬ್ಲಾಕ್ ವಿಷಯಕ್ಕೆ ಬಂದ್ರೆ ನನ್ನ ಅಭಿಪ್ರಾಯ ಅದನ್ನ ತೆಗೆದೇಬಿಡಿ ಅಂತ. 3% ಟೈಟಾನಿಯಂ ಇರೋ ಫಿಲ್ಮ್‌ಗೆ ಬಹಳ ಸಲ ಬೇರೆ ಆಂಟಿಬ್ಲಾಕ್ ಬೇಕಾಗೋದೇ ಇಲ್ಲ. ಒಂದು ರೋಲ್ ತೆಗೆದು ಎರಡು ದಿನ ಇಟ್ಟು ಬಿಚ್ಚಿ ನೋಡಿ, ಅಂಟದಿದ್ರೆ ಅಷ್ಟು ದುಡ್ಡೂ ಉಳೀತು, ಪಿಪಿಎಗೂ ಒಬ್ಬ ಶತ್ರು ಕಮ್ಮಿ ಆದ.

ಹಸಿರುಮನೆ, ಮಲ್ಚಿಂಗ್ ಫಿಲ್ಮ್ ಮಾಡೋರು ಇದನ್ನ ಓದ್ತಿದ್ರೆ ಅವರಿಗೆ ಒಂದು ಮಾತು, ಬಿಸಿಲಿಗೆ ತಡೀಲಿ ಅಂತ ಹಾಕೋ ಹಾಲ್ಸ್ ಇದೆಯಲ್ಲ, ಅದು ಅಮೈನ್, ಕೆಲವು ಫ್ಲೋರೋಪಾಲಿಮರ್ ಜೊತೆ ಸೇರಿ ಅದನ್ನ ಗಟ್ಟಿ ಮಾಡಿಬಿಡತ್ತೆ. ಪಿಪಿಎ ಕೊಡೋರಿಗೆ ಹಾಲ್ಸ್ ಇದೆ ಅಂತ ಮೊದ್ಲೇ ಹೇಳಿ ಅದಕ್ಕೆ ಹೊಂದೋ ಗ್ರೇಡ್ ತಗೊಳ್ಳಿ.

ಇನ್ನು ಎಲ್‌ಎಲ್, ಎಲ್‌ಡಿ ಪ್ರಮಾಣ. ಪ್ಯಾಕೆಟ್ ಒಡೆಯೋದಕ್ಕೆ ಎಲ್‌ಎಲ್ ಜಾಸ್ತಿ ಮಾಡಿದ್ರಿ, ಸರಿಯಾದ ದಿಕ್ಕೇ. ಆದ್ರೆ ಎಷ್ಟು ಎಲ್‌ಎಲ್ ಅನ್ನೋದಷ್ಟೇ ಅಲ್ಲ, ಯಾವ ಎಲ್‌ಎಲ್ ಅನ್ನೋದೂ ಮುಖ್ಯ. ನೀವು ಗ್ರೇಡ್ ಬರೆದಿಲ್ಲ, ರೇಟ್ ನೋಡಿ ತಗೊಳ್ಳೋರು ಸಾಮಾನ್ಯವಾಗಿ ಬ್ಯೂಟೀನ್ ಗ್ರೇಡ್ ತಗೊಂಡಿರ್ತಾರೆ. ಹೆಕ್ಸೀನ್ ಅಥವಾ ಆಕ್ಟೀನ್ ಗ್ರೇಡ್‌ನಲ್ಲಿ ಆ ಗಿಡ್ಡ ಕೊಂಬೆ ಸ್ವಲ್ಪ ಉದ್ದ, ಹೊಡೆತ ತಡೆಯೋ ಶಕ್ತಿ ಗಣನೀಯವಾಗಿ ಜಾಸ್ತಿ. 75% ಬ್ಯೂಟೀನ್ ಬದಲು 60, 65% ಹೆಕ್ಸೀನ್ ಅಥವಾ ಆಕ್ಟೀನ್ ಹಾಕಿ ಉಳಿದದ್ದು 2ರ ಹತ್ರ ಎಂಎಫ್‌ಐ ಇರೋ ಎಲ್‌ಡಿ ಮಾಡಿ ನೋಡಿ, ಡ್ರಾಪ್ ಟೆಸ್ಟ್ ಪಾಸಾಗೋ ಸಾಧ್ಯತೆ ಚೆನ್ನಾಗಿದೆ, ಎಲ್‌ಡಿ ಜಾಸ್ತಿ ಆಗಿದ್ದಕ್ಕೆ ಡೈ ಒಳಗೆ ಒತ್ತಡ ಇಳಿಯತ್ತೆ, ಬಬಲೂ ಅಲ್ಲಾಡದೆ ನಿಲ್ಲತ್ತೆ. ಕೆಜಿಗೆ ಸ್ವಲ್ಪ ಜಾಸ್ತಿ ಕೊಡ್ಬೇಕಾಗತ್ತೆ ನಿಜ, ವೇಸ್ಟೇಜ್‌ನ ಲೆಕ್ಕಕ್ಕೆ ತಗೊಂಡು ನೋಡಿ. ಮೆಟಲೋಸೀನ್ ಎಲ್‌ಎಲ್‌ಗೆ ಈಗ್ಲೇ ಹೋಗ್ಬೇಡಿ, ಅದರ ಶಕ್ತಿ ಇನ್ನೂ ಜಾಸ್ತಿ ಆದ್ರೆ ನಿಮ್ಮ 1 ಮಿಮೀ ಗ್ಯಾಪ್‌ನಲ್ಲಿ ಒರಟೂ ಇನ್ನೂ ಜಾಸ್ತಿ.

ಈಗ ಕಾಳಿಗೆ ಬರ್ತೀನಿ, ನನ್ನ ಪ್ರಕಾರ ನಿಮ್ಗೆ ನಿಜವಾದ ಅಪಾಯ ಇರೋದು ಇಲ್ಲೇ. ಒರಟು ಫಿಲ್ಮ್ ನೋಡೋಕೆ ಚೆನ್ನಾಗಿರಲ್ಲ ಅಷ್ಟೆ, ಆದ್ರೆ 55 ಮೈಕ್ರಾನ್ ಫಿಲ್ಮ್‌ನಲ್ಲಿ ಒಂದು ಕಾಳು ಸೀಲ್ ಜಾಗಕ್ಕೆ ಬಂದ್ರೆ ಅಲ್ಲಿಂದ ಹಾಲು ಸೋರತ್ತೆ, ಒಂದು ಪ್ಯಾಕೆಟ್ ಸೋರಿದ್ರೆ ಆ ಕ್ರೇಟ್‌ನಲ್ಲಿರೋ ಪ್ಯಾಕೆಟ್ ಎಲ್ಲಾ ಅಂಟಂಟು, ವಾಸನೆ.

ಕಾಳು ಅಂದ್ರೆಲ್ಲ ಒಂದೇ ಅಲ್ಲ. ಇದಕ್ಕೆ ದೊಡ್ಡ ಲ್ಯಾಬ್ ಬೇಡ, ಎರಡು ಗಾಜಿನ ಸ್ಲೈಡು, ಒಂದು ಹಾಟ್ ಪ್ಲೇಟು, ಒಂದು ಒಳ್ಳೆ ಲೆನ್ಸ್ ಇದ್ರೆ ಸಾಕು. ಫಿಲ್ಮ್ ಹಿಂದೆ ಟ್ಯೂಬ್‌ಲೈಟ್ ಇಟ್ಟು ಒಂದು ಇಪ್ಪತ್ತು ಕಾಳು ಗುರುತು ಮಾಡಿ ಕತ್ತರಿಸಿ. ಸ್ಲೈಡ್ ಮೇಲಿಟ್ಟು 140 ಡಿಗ್ರಿಗೆ ಬಿಸಿ ಮಾಡಿ, ಎಲ್‌ಎಲ್ ಸುಮಾರು 120, 125ಕ್ಕೆ ಕರಗತ್ತೆ, ಸುತ್ತಲಿನ ಫಿಲ್ಮ್ ಕರಗಿದ ಮೇಲೆ ಮೇಲಿನ ಸ್ಲೈಡ್‌ನ ಮೆಲ್ಲಗೆ ಒತ್ತಿ. ಕಾಳು ಒತ್ತಿದಾಗ ಹರಡಿ ಸುತ್ತಲಿನದರಲ್ಲಿ ಸೇರಿಹೋದ್ರೆ ಅದು ಸರಿಯಾಗಿ ಕರಗದೆ ಬೆರೆಯದೆ ಬಂದ ಪ್ಲಾಸ್ಟಿಕ್, ಅದು ಮಿಕ್ಸಿಂಗ್ ತೊಂದರೆ. ಒತ್ತಿದಾಗ ಚಪ್ಪಟೆಯಾಗಿ ಬಿಟ್ಟಾಗ ಮತ್ತೆ ಗುಂಡಗೆ ಎದ್ದು ಬಂದ್ರೆ, ರಬ್ಬರ್ ಥರ, ಅದು ಕ್ರಾಸ್‌ಲಿಂಕ್ ಆದ ಕಾಳು, ಎಷ್ಟು ಬಿಸಿ ಮಾಡಿದ್ರೂ ಕರಗಲ್ಲ. ಕಂದು ಅಥವಾ ಕಪ್ಪು ಇದ್ರೆ ಒಳಗೆಲ್ಲೋ ನಿಂತು ಸುಟ್ಟಿದ್ದು. ಅಚ್ಚ ಬಿಳಿ ಗಂಟಾಗಿ ಗಟ್ಟಿಯಾಗಿ ಉಳಿದ್ರೆ ವೈಟ್‌ನ ಪುಡಿ ಸರಿಯಾಗಿ ಹರಡಿಲ್ಲ. ನಾರಿನ ಥರ ಕಂಡ್ರೆ ಚೀಲದ ದಾರ, ಕಾಗದ, ಬಟ್ಟೆ ಎಳೆ, ಲೋಡಿಂಗ್ ಜಾಗ ಗುಡಿಸಿ. ಇಪ್ಪತ್ತರಲ್ಲಿ ಯಾವುದು ಎಷ್ಟು ಅಂತ ಬರೆದ್ರೆ ಎಲ್ಲಿ ಕೈ ಹಾಕ್ಬೇಕು ಅಂತ ನಿಮ್ಗೇ ಗೊತ್ತಾಗತ್ತೆ.

ನೀವು ಹೇಳಿದ ಲಕ್ಷಣ, ಬಿಸಿ ಏರಿಸಿದ ಮೇಲೆ ನಿಧಾನಕ್ಕೆ ಜಾಸ್ತಿ ಆಗೋದು, ಕ್ರಾಸ್‌ಲಿಂಕ್ ಕಾಳಿನದ್ದು. ಪಾಲಿಪ್ರೊಪಿಲೀನ್ ಬಿಸಿಗೆ ಕೆಟ್ರೆ ಸರಪಳಿ ತುಂಡಾಗಿ ನೀರಾಗತ್ತೆ, ಪಾಲಿಥೀನ್ ಹಾಗಲ್ಲ, ಕೆಟ್ರೆ ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಗಟ್ಟಿಯಾಗತ್ತೆ. ಸ್ಕ್ರೂ ತುದಿ, ಅಡಾಪ್ಟರ್, ಡೈ ಒಳಗಿನ ಮೂಲೆಗಳಲ್ಲಿ ಮೆಟೀರಿಯಲ್ ನಿಧಾನಕ್ಕೆ ಹರಿಯತ್ತೆ, ಅಲ್ಲಿ ನಿಂತು ನಿಂತು ಬೇಯತ್ತೆ, ಸ್ವಲ್ಪ ಸ್ವಲ್ಪವೇ ಕಿತ್ಕೊಂಡು ಬರತ್ತೆ. ಅದಕ್ಕೇ ಮೊದಲ ಶಿಫ್ಟ್ ಚೆನ್ನಾಗಿದ್ದು ಆಮೇಲೆ ಶುರುವಾಗೋದು.

ಇದನ್ನ ತಡೆಯೋಕೆ ರೆಸಿನ್ ಮಾಡೋರೇ ಆಂಟಿಆಕ್ಸಿಡೆಂಟ್ ಹಾಕಿರ್ತಾರೆ, ಸಾಮಾನ್ಯವಾಗಿ ಒಂದು ಫೀನಾಲಿಕ್, ಒಂದು ಫಾಸ್ಫೈಟ್, ಜೋಡಿ. ಫಾಸ್ಫೈಟ್ ಮಷೀನ್ ಒಳಗಿನ ಬಿಸಿಯಲ್ಲಿ ತಾನು ಸವೆದು ಪಾಲಿಮರ್‌ನ ಕಾಪಾಡತ್ತೆ, ಫೀನಾಲಿಕ್ ಹೆಚ್ಚು ದಿನ ಉಳಿಯತ್ತೆ. ಹೊಸ ದಾಣಾ ಒಂದು ಸಲ 200 ಡಿಗ್ರಿಲಿ ಓಡೋಕೆ ಅದು ಸಾಕು. ನಿಮ್ಮ ಟ್ರಿಮ್, ರಿಜೆಕ್ಟ್ ರೋಲ್ ವಾಪಸ್ ದಾಣಾ ಮಾಡಿ ಹಾಕ್ತೀರ ಅಂದ್ರೆ, ಅದರಲ್ಲಿ ಆ ಫಾಸ್ಫೈಟ್ ಬಹುಪಾಲು ಖರ್ಚಾಗಿರತ್ತೆ, 225ರಲ್ಲಿ ಓಡಿಸಿದ ಟ್ರಿಮ್ ಆದ್ರಂತೂ ಕಾಳನ್ನ ಹೊತ್ಕೊಂಡೇ ಬರತ್ತೆ. ಸ್ವಂತ ಟ್ರಿಮ್ 10% ಮೀರದ ಹಾಗೆ ನೋಡ್ಕೊಳ್ಳಿ, ಅದರ ಜೊತೆ ಫೀನಾಲಿಕ್ ಫಾಸ್ಫೈಟ್ ಎರಡೂ ಇರೋ ಆಂಟಿಆಕ್ಸಿಡೆಂಟ್ ಮಾಸ್ಟರ್‌ಬ್ಯಾಚ್ ಸೇರಿಸಿ, ಫಿಲ್ಮ್‌ನಲ್ಲಿ ಒಟ್ಟು 500ರಿಂದ 1000 ಪಿಪಿಎಂ ಹೆಚ್ಚುವರಿ ಬರೋ ಹಾಗೆ. ಪ್ರಿಂಟ್ ಆದ ರಿಜೆಕ್ಟ್ ವಾಪಸ್ ಹಾಕ್ಬೇಡಿ, ಇಂಕ್ ಬಿಸಿಗೆ ಗ್ಯಾಸ್ ಬಿಡತ್ತೆ. ಹೊರಗಿಂದ ತಂದ ರೀಪ್ರೋಸೆಸ್ ದಾಣಾ ಹಾಲಿನ ಫಿಲ್ಮ್ ಹತ್ರಕ್ಕೂ ಬರಬಾರದು, ಎಷ್ಟೇ ಬೆಳ್ಳಗೆ ಕಂಡ್ರೂ. ಇದು ಮಕ್ಕಳು ಕುಡಿಯೋ ಹಾಲು. ಯಾವ ಹೊಸ ಮಾಸ್ಟರ್‌ಬ್ಯಾಚ್ ತಗೊಂಡ್ರೂ ಭಾರತೀಯ ಮಾನದಂಡ ಐಎಸ್ 10146ಕ್ಕೆ ಒಪ್ಪೋ ಫುಡ್ ಗ್ರೇಡ್ ಅಂತ ಸರ್ಟಿಫಿಕೇಟ್ ಕೇಳಿ, ಫಾರ್ಮುಲೇಷನ್ ಬದಲಾದ ಮೇಲೆ ಐಎಸ್ 9845 ಪ್ರಕಾರ ಮೈಗ್ರೇಷನ್ ಟೆಸ್ಟ್ (ಫಿಲ್ಮ್‌ನಿಂದ ಆಹಾರಕ್ಕೆ ಎಷ್ಟು ಇಳಿಯತ್ತೆ ಅನ್ನೋ ಪರೀಕ್ಷೆ) ಮತ್ತೆ ಮಾಡಿಸಿ, ಮಿತಿ ಕೆಜಿಗೆ 60 ಮಿಲಿಗ್ರಾಂ ಅಥವಾ ಚದರ ಡೆಸಿಮೀಟರ್‌ಗೆ 10 ಮಿಲಿಗ್ರಾಂ. ಮೈಸೂರಿನ ಸಿಪೆಟ್ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ನಿಮಗೆ ದೂರ ಅಲ್ಲ, ಟೆಸ್ಟಿಂಗ್‌ಗೆ ಅವರನ್ನ ಕೇಳಿ ನೋಡಿ.

ಮಾಸ್ಟರ್‌ಬ್ಯಾಚ್‌ನ ಕ್ಯಾರಿಯರ್, ಅಂದ್ರೆ ಪುಡಿನ ಬೆರೆಸಿಟ್ಟಿರೋ ಪ್ಲಾಸ್ಟಿಕ್, ಅದೂ ಕಾಳಿಗೆ ಕಾರಣ ಆಗತ್ತೆ. ನಿಮ್ಮ ಬೇಸ್ ಎಂಎಫ್‌ಐ 1ರ ಹತ್ರ ಅಂತ ಇಟ್ಕೊಂಡ್ರೆ, ಮಾಸ್ಟರ್‌ಬ್ಯಾಚ್ ಅದಕ್ಕಿಂತ ಸುಲಭವಾಗಿ ಹರಿಯೋದಾಗಿರ್ಬೇಕು, ಆಗ ಅದು ಬೇಗ ಕರಗಿ ಹರಡತ್ತೆ. ಗಟ್ಟಿ ಕ್ಯಾರಿಯರ್ ಇದ್ರೆ ಸ್ಕ್ರೂ ಮುಗಿಯೋವರೆಗೂ ಗಂಟು ಗಂಟಾಗೇ ಬರತ್ತೆ. ಸಪ್ಲೈಯರ್‌ಗೆ ಕ್ಯಾರಿಯರ್ ಯಾವುದು, ಎಂಎಫ್‌ಐ ಎಷ್ಟು, ಟೈಟಾನಿಯಂ ಎಷ್ಟು ಪರ್ಸೆಂಟ್, ಡಿಸ್ಪರ್ಸೆಂಟ್ ವ್ಯಾಕ್ಸೋ ಸ್ಟಿಯರೇಟೋ, ಫಿಲ್ಟರ್ ಪ್ರೆಶರ್ ಟೆಸ್ಟ್ ರಿಸಲ್ಟ್ ಇದ್ಯಾ ಅಂತ ಕೇಳಿ. ಉತ್ತರ ಕೊಡದೆ ತಪ್ಪಿಸಿಕೊಳ್ಳೋರ ಹತ್ರ ತಗೋಬೇಡಿ. ವೈಟ್‌ನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದಾರಾ ಅಂತ ನೋಡೋಕೆ ಸ್ವಲ್ಪ ದಾಣಾನ ಮಫಲ್ ಫರ್ನೇಸ್‌ನಲ್ಲಿ 550 ಡಿಗ್ರಿಗೆ ಸುಟ್ಟು, ಉಳಿದ ಬೂದಿ ಆರಿದ ಮೇಲೆ ಅದರ ಮೇಲೆ ಎರಡು ಹನಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ, ಬುಸ್ ಅಂತ ನೊರೆ ಬಂದ್ರೆ ಕಾರ್ಬೊನೇಟ್ ಇದೆ. ಬರೀ ಟೈಟಾನಿಯಂ ಆದ್ರೆ ಸುಮ್ಮನಿರತ್ತೆ.

ನಿಮ್ಮ ಮಳೆಗಾಲದ ಗುಳ್ಳೆ ಬರೋದೂ ಬಹುಶಃ ಈ ವೈಟ್ ದಾರಿಯಲ್ಲೇ. ಪಾಲಿಥೀನ್ ತಾನಾಗಿ ನೀರು ಹೀರಲ್ಲ, ಹೀರೋದು ಅದರಲ್ಲಿರೋ ಪುಡಿ. ಬಿಚ್ಚಿಟ್ಟ ವೈಟ್ ಚೀಲ ಎರಡು ದಿನ ತೇವದ ಗಾಳಿಗೆ ಇದ್ರೆ ಸಾಕು, ಆ ನೀರು ಡೈ ಹೊರಗೆ ಬಂದಾಗ ಆವಿಯಾಗಿ ಉದ್ದುದ್ದ ಗುಳ್ಳೆ ಮಾಡತ್ತೆ. ಚೀಲದ ಬಾಯಿ ಕಟ್ಟಿ, ಒಂದು ದಿನಕ್ಕೆ ಬೇಕಾದಷ್ಟೇ ಬಿಚ್ಚಿ, ವೈಟ್‌ನ 80 ಡಿಗ್ರಿಲಿ ಎರಡು ಮೂರು ಗಂಟೆ ಒಣಗಿಸಿ ಹಾಕಿ. ಸ್ಲಿಪ್ ಮಾಸ್ಟರ್‌ಬ್ಯಾಚ್‌ನ ಮಾತ್ರ ಅದರ ಜೊತೆ ಒಣಗಿಸ್ಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರೋ ಎರುಕಮೈಡ್ 80ರ ಹತ್ರವೇ ಕರಗತ್ತೆ, ಎಲ್ಲಾ ಅಂಟಿ ಹಾಪರ್‌ನಲ್ಲಿ ಗಡ್ಡೆ ಕಟ್ಟತ್ತೆ. ತೀರಾ ಅಗತ್ಯ ಬಿದ್ರೆ ಸುಣ್ಣದ, ಅಂದ್ರೆ ಕ್ಯಾಲ್ಸಿಯಂ ಆಕ್ಸೈಡ್ ಇರೋ ಡೆಸಿಕೆಂಟ್ ಮಾಸ್ಟರ್‌ಬ್ಯಾಚ್ 1% ಹಾಕಬಹುದು, 56 ಗ್ರಾಂ ಸುಣ್ಣ 18 ಗ್ರಾಂ ನೀರು ಹಿಡಿಯತ್ತೆ, ಆದ್ರೆ ಅದೂ ಒಂದು ಪುಡಿನೇ, ಪಿಪಿಎ ಜೊತೆ ಮತ್ತೆ ಜಗಳ. ಒಣಗಿಸೋದೇ ಮೇಲು.

ಸ್ಲಿಪ್ ಬಗ್ಗೆ ನೀವು ಕೇಳಿಲ್ಲ ಆದ್ರೂ 1.5% ನೋಡಿ ಹೇಳ್ತಿದೀನಿ. 5% ಸ್ಲಿಪ್ ಇರೋ ಮಾಸ್ಟರ್‌ಬ್ಯಾಚ್ ಆದ್ರೆ ಅದೇ 750 ಪಿಪಿಎಂ, ನಿಮ್ಮ ಎಲ್‌ಡಿ ಅಥವಾ ಎಲ್‌ಎಲ್ ಗ್ರೇಡ್‌ನಲ್ಲೇ ಸ್ಲಿಪ್ ಇದ್ರೆ ಎರಡು ಪಟ್ಟು ಆಗಿರತ್ತೆ. ಡೇಟಾಶೀಟ್ ತೆಗೆದು ನೋಡಿ. ಜಾಸ್ತಿ ಆದ ಸ್ಲಿಪ್ ಒಂದೆರಡು ದಿನದಲ್ಲಿ ಮೇಲಕ್ಕೆ ಬಂದು ಬಿಳಿ ಪುಡಿಯಾಗಿ ರೋಲರ್‌ಗೆ ಅಂಟತ್ತೆ, ಇಂಕ್ ಹಿಡಿಯಲ್ಲ, ಸೀಲ್ ದುರ್ಬಲ.

ಪಿಪಿಎ ಆರಿಸೋವಾಗ ಇನ್ನೊಂದು ವಿಷಯ ತಲೇಲಿಟ್ಕೊಳ್ಳಿ. ಫ್ಲೋರೋಪಾಲಿಮರ್ ಪಿಪಿಎ ಎಲ್ಲಾ ಪಿಎಫ್‌ಎಎಸ್ ಅನ್ನೋ, ಪರಿಸರದಲ್ಲಿ ಸುಲಭಕ್ಕೆ ನಾಶ ಆಗದ ಫ್ಲೋರಿನ್ ರಾಸಾಯನಿಕಗಳ ಗುಂಪಿಗೆ ಸೇರತ್ತೆ. 3ಎಂ ಕಂಪನಿ 2025ರ ಕೊನೆಗೆ ಈ ಗುಂಪಿನ ಉತ್ಪಾದನೆ ನಿಲ್ಲಿಸ್ತೀವಿ ಅಂತ 2022ರ ಡಿಸೆಂಬರ್‌ನಲ್ಲೇ ಹೇಳಿತ್ತು, ಯುರೋಪಿನ ಪ್ಯಾಕೇಜಿಂಗ್ ಕಾನೂನು 2026ರ ಆಗಸ್ಟ್ 12ರಿಂದ ಆಹಾರದ ಪ್ಯಾಕಿಂಗ್‌ನಲ್ಲಿ ಇದಕ್ಕೆ ಬಿಗಿ ಮಿತಿ ಇಟ್ಟಿದೆ. ನೀವು ಎಕ್ಸ್‌ಪೋರ್ಟ್ ಮಾಡಲ್ಲ ಇರಬಹುದು, ಆದ್ರೂ ಹಾಲಿನ ಫಿಲ್ಮ್‌ಗೆ ಫ್ಲೋರಿನ್ ಇಲ್ಲದ ಪಿಪಿಎ ಒಂದು ಟ್ರಯಲ್ ಮಾಡಿ ಅನ್ನೋದು ನನ್ನ ಮನಸ್ಸಿನ ಮಾತು. ಅದಕ್ಕೆ ಡೋಸ್ ಜಾಸ್ತಿ ಬೇಕಾಗತ್ತೆ ಅಂತ ಲೆಕ್ಕದಲ್ಲಿಟ್ಟುಕೊಂಡು ಶುರು ಮಾಡಿ, ಪ್ರತಿ ಟ್ರಯಲ್‌ನಲ್ಲೂ ಸೀಲ್ ಮತ್ತು ಇಂಕ್ ಟೇಪ್ ಟೆಸ್ಟ್ ಮಾಡಿ ಬರೆದಿಡಿ.

ಟ್ರಯಲ್ ಮಾಡೋವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದ್ಲು ಟೆಂಪರೇಚರ್ ಇಳಿಸಿ ಡೈ ತೊಳೆದು ಪಿಪಿಎ ಕೂರಿಸೋದು, ಆಮೇಲೆ ಆಂಟಿಬ್ಲಾಕ್ ಬಿಡೋದು, ಆಮೇಲೆ ವೈಟ್ ಬದಲು, ಕೊನೆಗೆ ಎಲ್‌ಎಲ್ ಗ್ರೇಡ್. ಪ್ರತಿ ಹಂತದ ಒಂದು ಮೀಟರ್ ಫಿಲ್ಮ್‌ಗೆ ತಾರೀಕು, ಪ್ರೆಶರ್, ಆಂಪಿಯರ್ ಬರೆದು ಫೈಲ್ ಮಾಡಿ. ಇನ್ನು ಕರೆಂಟ್ ಹೋದಾಗ ಹೀಟರ್ ಸೆಟ್ಟಿಂಗ್ ಹಾಗೇ ಬಿಟ್ಟು ಕಾಯೋ ಅಭ್ಯಾಸ ಇದ್ರೆ ಇವತ್ತೇ ನಿಲ್ಲಿಸಿ. ಅರ್ಧ ಗಂಟೆಗಿಂತ ಜಾಸ್ತಿ ನಿಂತ್ರೆ ಕರೆಂಟ್ ಬಂದ ತಕ್ಷಣ 160ಕ್ಕೆ ಇಳಿಸಿ ಸೆಟ್ ಮಾಡಿ, ಅಷ್ಟು ಬಿಸಿ ಆದ ಮೇಲೆ ಆಂಟಿಆಕ್ಸಿಡೆಂಟ್ ಮಾಸ್ಟರ್‌ಬ್ಯಾಚ್ 2% ಬೆರೆಸಿದ ಎಲ್‌ಡಿ ಒಂದು ಚೀಲ ನಿಧಾನಕ್ಕೆ ಓಡಿಸಿ ಹಳೇದನ್ನೆಲ್ಲ ತಳ್ಳಿ, ಫಿಲ್ಟರ್ ಜಾಲಿ ಬದಲಾಯಿಸಿ, ಆಮೇಲೆ 195ಕ್ಕೆ ಏರಿಸಿ ಹಾಲಿನ ಫಿಲ್ಮ್ ಶುರು ಮಾಡಿ. ಸಂಜೆ ಮಷೀನ್ ನಿಲ್ಲಿಸೋವಾಗಲೂ ಕೊನೆಗೆ ಅದೇ ಎಲ್‌ಡಿ ತುಂಬಿಸಿ ನಿಲ್ಲಿಸಿ, ಬೆಳಗ್ಗೆ ಬರೋ ಕಾಳು ಎಷ್ಟು ಕಮ್ಮಿ ಆಗತ್ತೆ ಅಂತ ಒಂದು ವಾರ ಎಣಿಸಿ ನೋಡಿ, ಆ ಲೆಕ್ಕ ಮತ್ತೆ ಸ್ಲೈಡ್ ಟೆಸ್ಟ್‌ನ ಲೆಕ್ಕ ಎರಡೂ ನನಗೆ ಬರೀರಿ.